ತಲೆ ಮೇಲೆ ಸೂರಿಲ್ಲದ ಕಾರಿಗೆ ಕೋಟಿ ಕೋಟಿ ಯಾಕೆ?

ನಮ್ಮ ಕಂಪ್ಲಿ ಕಡೆ 'ಓಪನ್ ಟಾಪ್' ಗಾಡಿ ಅಂದರೆ ಟ್ರ್ಯಾಕ್ಟರ್. ಭತ್ತದ ಚೀಲವಾಗಲಿ, ಮದುವೆ ದಿಬ್ಬಣವಾಗಲಿ, ಅದರ ಟ್ರೇಲರ್‌ನಲ್ಲೇ ಸಾಗಬೇಕು. ಏಪ್ರಿಲ್ ಬಿಸಿಲಲ್ಲಿ ಹಾಗೆ ಹೊಸಪೇಟೆಗೆ ಹೋಗಿಬಂದವರನ್ನು ಕೇಳಿ ನೋಡಿ, 'ದುಡ್ಡು ಬಂದರೆ ಮೊದಲು ಎ.ಸಿ. ಕಾರು ತಗೋತೀನಿ' ಅನ್ನುತ್ತಾರೆ. ಆದರೆ ಜಗತ್ತಿನಲ್ಲಿ ಇನ್ನೊಂದು ಜಾತಿಯ ಜನ ಇದ್ದಾರೆ. ಐವತ್ತು ಅರವತ್ತು ವರ್ಷ ಹಳೆಯದಾದ, ಮಳೆ ಬಂದರೆ ಬಟ್ಟೆಯ ಹುಡ್ ಎಳೆದುಕೊಳ್ಳಬೇಕಾದ ಕಾರಿಗೆ ಕೋಟಿಗಟ್ಟಲೆ ಸುರಿಯುತ್ತಾರೆ. ಇವರಿಗೇನು ತಲೆ ಕೆಟ್ಟಿದೆಯಾ?

ಒಂದು ಉದಾಹರಣೆ ನೋಡಿ. 2015ರ ಫೆಬ್ರುವರಿಯಲ್ಲಿ ಪ್ಯಾರಿಸ್‌ನಲ್ಲಿ ಒಂದು ಹರಾಜು ನಡೆಯಿತು. 1961ರ ಫೆರಾರಿ ಕ್ಯಾಲಿಫೋರ್ನಿಯಾ ಸ್ಪೈಡರ್ ಎಂಬ ತೆರೆದ ಕಾರು. ಒಂದು ಕಾಲದಲ್ಲಿ ಫ್ರೆಂಚ್ ನಟ ಅಲೆನ್ ಡೆಲಾನ್ ಓಡಿಸಿದ್ದು. ಆಮೇಲೆ ದಶಕಗಳ ಕಾಲ ಒಂದು ಶೆಡ್‌ನಲ್ಲಿ, ಹಳೆಯ ಪತ್ರಿಕೆಗಳ ರಾಶಿಯಡಿ ಬಿದ್ದಿತ್ತು. ದುರಸ್ತಿ ಮಾಡದೆ, ಸಿಕ್ಕ ಸ್ಥಿತಿಯಲ್ಲೇ ಹರಾಜಿಗಿಟ್ಟರು. ಸಿಕ್ಕ ಬೆಲೆ 1.6 ಕೋಟಿ ಯೂರೊಗಿಂತ ಹೆಚ್ಚು! ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿ ದಾಟುತ್ತದೆ.

ಇದಕ್ಕೆ ಮೊದಲ ಕಾರಣ, ಇಂಥ ಕಾರುಗಳು ಹುಟ್ಟುವುದೇ ಕಡಿಮೆ. ಚಪ್ಪಲಿ ಡಬ್ಬಿಯ ಮುಚ್ಚಳ ತೆಗೆದು ಹಿಂಡಿ ನೋಡಿ, ಸುಲಭವಾಗಿ ತಿರುಚಿಕೊಳ್ಳುತ್ತದೆ. ಕಾರೂ ಹಾಗೆಯೇ. ಮೇಲ್ಛಾವಣಿ ತೆಗೆದರೆ ದೇಹದ ಗಟ್ಟಿತನ ಕಡಿಮೆಯಾಗುತ್ತದೆ. ಅದಕ್ಕಾಗಿ ತಳವನ್ನೂ ಪಕ್ಕದ ಪಟ್ಟಿಗಳನ್ನೂ ಬಲಪಡಿಸಬೇಕು. ಖರ್ಚು ಹೆಚ್ಚು, ಕೊಳ್ಳುವವರು ಕಡಿಮೆ. ಮರ್ಸಿಡಿಸ್ ಬೆಂಝ್ 300 ಎಸ್‌ಎಲ್ ರೋಡ್‌ಸ್ಟರ್ 1957ರಿಂದ 1963ರವರೆಗೆ ತಯಾರಾಗಿದ್ದು ಬರೀ 1,858.

ಎರಡನೆಯದು, ಹುಟ್ಟಿದವೂ ಉಳಿಯುವುದಿಲ್ಲ. ಹುಡ್ ಹರಿಯುತ್ತದೆ, ಮಳೆನೀರು ತಳದಲ್ಲಿ ನಿಲ್ಲುತ್ತದೆ, ತುಕ್ಕು ತಿನ್ನುತ್ತದೆ. ಉಳಿದದ್ದಕ್ಕೆ ಬೆಲೆ ಬರುತ್ತದೆ.

ಮೂರನೆಯದೇ ಮುಖ್ಯ: ಅಸಲಿತನ. ಸಂಗ್ರಾಹಕರು ಮೊದಲು ನೋಡುವುದು ಹೊಳಪನ್ನಲ್ಲ, ನಂಬರನ್ನು. ಕಾರ್ಖಾನೆಯಿಂದ ಹೊರಟಾಗ ಇದ್ದ ಎಂಜಿನ್ನೇ ಇವತ್ತೂ ಇದೆಯಾ? ಯಾರ ಕೈಯಿಂದ ಯಾರ ಕೈಗೆ ಬಂತು, ದಾಖಲೆ ಇದೆಯಾ? ಇದು ನಮ್ಮ ಭಾಗದವರಿಗೆ ಬೇಗ ಅರ್ಥವಾಗಬೇಕು. ಹಂಪಿಯ ಕಲ್ಲಿನ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವಿತ್ತು. 1856ರಲ್ಲಿ ಗ್ರೀನ್‌ಲಾ ತೆಗೆದ ಫೋಟೊದಲ್ಲಿ ಅದು ಕಾಣುತ್ತದೆ. ಈಗ ಇಲ್ಲ. ಹಾಗಂತ ಅದರ ಮೇಲೆ ಸಿಮೆಂಟ್ ಗೋಪುರ ಕಟ್ಟಿ ಬಣ್ಣ ಬಳಿದರೆ ಸುಮ್ಮನಿರುತ್ತೀವಾ? ಹೊಸದು ಎಷ್ಟು ಬೇಕಾದರೂ ಸಿಗುತ್ತದೆ, ಅಸಲಿ ಒಂದೇ. ತೆರೆದ ಕಾರಿನ ಲೆಕ್ಕವೂ ಇದೇ.

ಕಾರು ಹೊರಗೆ ಹೋಗಿ ಮನೆಗೆ ಮರಳಿದ ಕಥೆಯೂ ಇದೆ. 1934ರಲ್ಲಿ ರಾಜಕೋಟ್ ಸಂಸ್ಥಾನಕ್ಕಾಗಿ ತಯಾರಾದ ಕೇಸರಿ ಬಣ್ಣದ ರೋಲ್ಸ್ ರಾಯ್ಸ್, ಹೆಸರು 'ಸ್ಟಾರ್ ಆಫ್ ಇಂಡಿಯಾ'. ಬೇಕೆಂದಾಗ ಹುಡ್ ತೆರೆಯಬಹುದಾದ ಕಾರು. ಅದು ಮಾರಾಟವಾಗಿ ವಿದೇಶಕ್ಕೆ ಹೋಯಿತು. ದಶಕಗಳ ನಂತರ ಅದೇ ಮನೆತನದವರು ಮತ್ತೆ ಕೊಂಡು ತಂದರು. ನಮ್ಮ ರಾಜ್ಯದಲ್ಲೇ ಹಳೆಯ ಕಾರುಗಳನ್ನು ನೋಡುವ ಆಸೆಯಿದ್ದರೆ ಮೈಸೂರಿಗೆ ಹೋಗುವಾಗ ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರ 'ಪಯಣ' ಸಂಗ್ರಹಾಲಯಕ್ಕೆ ಹೋಗಿ. 2023ರಲ್ಲಿ ತೆರೆದದ್ದು.

ಕಾನೂನು ಕೂಡ ಅಸಲಿತನಕ್ಕೇ ಮಣೆ ಹಾಕಿದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ, 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಮಾಡದ ಗಾಡಿಗೆ ಮಾತ್ರ 'ವಿಂಟೇಜ್' ನೋಂದಣಿ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ನಂಬರ್ ಪ್ಲೇಟ್‌ನಲ್ಲಿ 'ವಿಎ' ಅಕ್ಷರ ಬರುತ್ತದೆ. ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೇ ರಸ್ತೆಗಿಳಿಸಬೇಕು.

'ಇದೆಲ್ಲ ಶ್ರೀಮಂತರ ಆಟ, ಕೆಲಸ ಹುಡುಕುತ್ತಿರುವ ನಮಗೇನು?' ಅಂತ ನೀವು ಕೇಳಬಹುದು. ಕೊಳ್ಳುವವರು ಶ್ರೀಮಂತರೇ, ನಿಜ. ಆದರೆ ಆ ಕಾರನ್ನು ಬದುಕಿಸುವವರು ಯಾರು? ತುಕ್ಕು ಹಿಡಿದ ತಗಡನ್ನು ಕೈಯಿಂದಲೇ ಬಡಿದು ಮೊದಲಿನ ಬಾಗು ತರುವ ಟಿಂಕರ್, ಅಳತೆ ತೆಗೆದು ಹುಡ್ ಹೊಲಿಯುವ ಕುಶನ್ ಕೆಲಸದವರು, ಎಲ್ಲೂ ಸಿಗದ ಬಿಡಿಭಾಗವನ್ನು ಲೇತ್‌ನಲ್ಲಿ ಕಡೆದು ಕೊಡುವ ಟರ್ನರ್, ಸದ್ದು ಕೇಳಿಯೇ ಕಾರ್ಬ್ಯುರೇಟರ್ ಟ್ಯೂನ್ ಮಾಡುವ ಮೇಸ್ತ್ರಿ. ಹೊಸ ಕಾರಿನಲ್ಲಿ ಸ್ಕ್ಯಾನರ್ ಹಚ್ಚಿದರೆ ದೋಷ ಯಾವುದೆಂದು ಪರದೆ ಹೇಳುತ್ತದೆ. ಅರವತ್ತರ ದಶಕದ ಗಾಡಿಗೆ ಸ್ಕ್ಯಾನರ್ ಹಚ್ಚಲು ಜಾಗವೇ ಇಲ್ಲ. ಅಲ್ಲಿ ಕಣ್ಣು, ಕಿವಿ, ಬೆರಳು ಬಲ್ಲವರೇ ಬೇಕು.

ಹೊಸಪೇಟೆ, ಗಂಗಾವತಿ, ನಮ್ಮ ಕಂಪ್ಲಿಯ ಗ್ಯಾರೇಜುಗಳಲ್ಲಿ ಅಂಬಾಸಿಡರ್, ಜೀಪುಗಳನ್ನು ಬಿಚ್ಚಿ ಜೋಡಿಸಿದ ಹಿರಿಯ ಮೇಸ್ತ್ರಿಗಳು ಇನ್ನೂ ಇದ್ದಾರೆ. ಅವರಿಗೆ ಸರ್ಟಿಫಿಕೇಟ್ ಇಲ್ಲ, ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಅವರ ನಂತರ ಆ ವಿದ್ಯೆ ಯಾರಿಗೆ? ಈ ವಿದ್ಯೆ ಕಲಿತವರೆಲ್ಲ ನಾಳೆಯೇ ರೋಲ್ಸ್ ರಾಯ್ಸ್ ಮುಟ್ಟುತ್ತಾರೆ ಎಂದು ನಾನು ಹೇಳುವುದಿಲ್ಲ. ಆದರೆ ಐಟಿಐ, ಡಿಪ್ಲೊಮಾ ಮುಗಿಸಿ ಕರೆ ಬರಲೆಂದು ಮೊಬೈಲ್ ನೋಡುತ್ತಾ ಕೂತಿರುವ ಗೆಳೆಯರು ಎರಡು ತಿಂಗಳು ಇಂಥವರ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ನಿಂತರೆ ನಷ್ಟವೇನಿಲ್ಲ. ಪುಸ್ತಕದಲ್ಲಿ ಇಲ್ಲದ್ದು ಅವರ ಕೈಯಲ್ಲಿದೆ, ಅವರು ಇರುವಾಗಲೇ ಕೇಳಿ ಕಲಿಯೋಣ.