ಅರ್ಧ ಹೇಳಿದ ಮಾತಿನ ಓಟ

ಹೂವಿನಹಡಗಲಿ ತಾಲ್ಲೂಕಿನ ಹೊಳಲಿಗೆ ಸಮೀಪದ ಮೈಲಾರದಲ್ಲಿ ಪ್ರತಿವರ್ಷವೂ ಭರತ ಹುಣ್ಣಿಮೆಯ ಜಾತ್ರೆಯ ಕಾಲಕ್ಕೆ ಕಾರಣಿಕ ನಡೆಯುವುದು ಸರ್ವವಿದಿತ. ಉಪವಾಸವಿದ್ದ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ನೆರೆದ ಜನಸಾಗರ ಸ್ತಬ್ಧವಾಗುತ್ತದೆ. ಆತ ನುಡಿಯುವುದು ಒಂದೇ ವಾಕ್ಯ. ಅದರ ಅರ್ಥವನ್ನು ಬಿಡಿಸಿ ಹೇಳುವುದಿಲ್ಲ. ಮಳೆಯ ಮಾತೆ, ಬೆಳೆಯ ಮಾತೆ, ರಾಜ್ಯಭಾರದ ಮಾತೆ ಎಂಬ ಚರ್ಚೆಯು ಹೊಳಲು, ಹಡಗಲಿ, ಹರಪನಹಳ್ಳಿ, ಕೊಟ್ಟೂರುಗಳಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಭಕ್ತರಿಗೆ ಅದು ದೈವವಾಣಿ. ಆ ವಿಚಾರಕ್ಕೆ ನಾವು ಕೈಹಾಕುವುದಿಲ್ಲ. ಬಿಡಿಸಿ ಹೇಳದ ಮಾತು ಬಿಡಿಸಿ ಹೇಳಿದ ಮಾತಿಗಿಂತ ಹೆಚ್ಚು ದೂರ ಓಡುವುದೇಕೆ ಎಂಬುದಷ್ಟೇ ನಮ್ಮ ಪ್ರಶ್ನೆ. ಏಕೆಂದರೆ ಇದೇ ಗುಣವನ್ನು ಇಂದಿನ ಜಾಹೀರಾತುಗಾರರು ಅಂತರಜಾಲದಲ್ಲಿ ಚೆನ್ನಾಗಿ ಬಳಸಿಕೊಳ್ಳುತ್ತಿದ್ದಾರೆ.

2024ರ ಮಾರ್ಚ್ ತಿಂಗಳ ಪ್ರಸಂಗವೊಂದನ್ನು ನೋಡೋಣ. 2008ರಿಂದ ‘ರಾಯಲ್ ಚಾಲೆಂಜರ್ಸ್ ಬ್ಯಾಂಗಲೋರ್’ ಎಂಬ ಹೆಸರಿನಲ್ಲಿ ಆಡುತ್ತಿದ್ದ ಕ್ರಿಕೆಟ್ ತಂಡವು ಅಂತರಜಾಲದಲ್ಲಿ ಒಂದು ಕಿರುಚಿತ್ರವನ್ನು ಹರಿಯಬಿಟ್ಟಿತು. ಅದರಲ್ಲಿ ನಟ ರಿಷಬ್ ಶೆಟ್ಟಿಯವರೂ ಮೂರು ಕೋಣಗಳೂ ಕಾಣಿಸಿಕೊಂಡರು. ಒಂದೊಂದು ಕೋಣಕ್ಕೆ ಹೆಸರಿನ ಒಂದೊಂದು ಪದ. ‘ಬ್ಯಾಂಗಲೋರ್’ ಎಂಬ ಕೋಣವನ್ನು ಮಾತ್ರ ಅವರು ಹಿಂದಕ್ಕೆ ಕಳುಹಿಸಿ, ನೋಡುಗರನ್ನು ‘ಅರ್ಥ ಆಯ್ತಾ?’ ಎಂದು ಕೇಳಿದರು. ಅಷ್ಟೇ. ಉತ್ತರ ಬಂದದ್ದು ಮಾರ್ಚ್ 19ರಂದು: ತಂಡದ ಹೆಸರು ‘ರಾಯಲ್ ಚಾಲೆಂಜರ್ಸ್ ಬೆಂಗಳೂರು’ ಆಯಿತು. ನಗರದ ಹೆಸರು ಬದಲಾಗಿ ಆಗಲೇ ಒಂಬತ್ತು ವರ್ಷಗಳು ಕಳೆದಿದ್ದುವು. ಆದುದರಿಂದ ಬಹು ಮಂದಿ ಉತ್ತರವನ್ನು ಮೊದಲೇ ಊಹಿಸಿದ್ದರು. ಉತ್ತರ ಗೊತ್ತಾದರೆ ಒಗಟು ಸತ್ತಂತಲ್ಲವೆ ಎಂದು ಓದುಗರು ಕೇಳಬಹುದು. ನಿಜಸಂಗತಿ ಅದಕ್ಕೆ ವಿರುದ್ಧವಾಗಿದೆ.

ನಮಗೆ ಗೊತ್ತಿರುವುದಕ್ಕೂ ಗೊತ್ತಾಗಬೇಕೆನ್ನಿಸುವುದಕ್ಕೂ ನಡುವಣ ಅಂತರವೇ ಕುತೂಹಲದ ಮೂಲವೆಂದು ಅಮೆರಿಕದ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ವಾದಿಸಿದರು. 2009ರಲ್ಲಿ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು ಜನರಿಗೆ ರಸಪ್ರಶ್ನೆಗಳನ್ನು ಒಡ್ಡಿ, ಅವರ ಮಿದುಳಿನ ಚಟುವಟಿಕೆಯನ್ನು ಅಳೆದರು. ಉತ್ತರವು ಖಚಿತವಾಗಿ ತಿಳಿದಿದ್ದಾಗಲೂ ಎಳ್ಳಷ್ಟೂ ತಿಳಿಯದಿದ್ದಾಗಲೂ ಕುತೂಹಲ ಕಡಮೆ. ನಾಲಗೆಯ ತುದಿಯಲ್ಲಿದ್ದಂತೆ ತೋರಿದಾಗಲೇ ಅದು ಗರಿಷ್ಠ. ಆಗ ಬಹುಮಾನದ ನಿರೀಕ್ಷೆಯಲ್ಲಿ ಚುರುಕಾಗುವ ಮಿದುಳಿನ ಭಾಗವೇ ಚುರುಕಾಗಿತ್ತು. ಮೂರರಲ್ಲಿ ಎರಡು ಪದಗಳನ್ನು ಉಳಿಸಿ ಒಂದನ್ನು ತೆಗೆದ ಒಗಟು ಎಷ್ಟು ಲೆಕ್ಕಾಚಾರದ್ದೆಂಬುದು ಈಗ ತಿಳಿಯುತ್ತದೆ. ಕೋಣದ ಆಯ್ಕೆಯನ್ನಂತೂ ನಾವು ಮೆಚ್ಚಿಕೊಂಡೆವು!

ಇನ್ನು ಹರಡುವಿಕೆಯ ಗಣಿತ. ಯುರೇನಿಯಮ್ ಪರಮಾಣು ಒಡೆದಾಗ ಹೊರಬೀಳುವ ನ್ಯೂಟ್ರಾನುಗಳಲ್ಲಿ ಸರಾಸರಿ ಎಷ್ಟು ಮತ್ತೊಂದು ಪರಮಾಣುವನ್ನು ಒಡೆಯುತ್ತವೆಯೋ ಆ ಸಂಖ್ಯೆಗೆ ಗುಣಕವೆನ್ನೋಣ. ಕೈಗಾದಂಥ ಸ್ಥಾವರದಲ್ಲಿ ಅದನ್ನು 1ರಲ್ಲಿಯೇ ಹಿಡಿದಿಡಬೇಕು. ಸುದ್ದಿಗೂ ಇಂಥ ಗುಣಕವುಂಟು. ಒಬ್ಬನು ಇಬ್ಬರಿಗೆ ಹೇಳಿದರೆ ಇಪ್ಪತ್ತನೆಯ ಸುತ್ತಿನಲ್ಲಿ ಹೊಸದಾಗಿ ಕೇಳುವವರು 10,48,576 ಮಂದಿ. ಆದರೆ ಜಾಹೀರಾತನ್ನು ಇಬ್ಬರಿಗೆ ಹಂಚುವ ಪುಣ್ಯಾತ್ಮರು ವಿರಳ. ಗುಣಕ 0.9 ಎಂದಿಟ್ಟುಕೊಳ್ಳಿ. 1, 0.9, 0.81 ಎಂದು ಸಾಗುವ ಶ್ರೇಣಿಯ ಮೊತ್ತ 10. ಅಂದರೆ ಒಬ್ಬನಿಂದ ಹೊರಟ ಸುದ್ದಿ ಹತ್ತು ಜನರಲ್ಲಿ ನಿಂತುಹೋಗುತ್ತದೆ. ಹತ್ತು ಲಕ್ಷ ಜನರಿಂದ ಹೊರಟದ್ದು ಒಂದು ಕೋಟಿಯನ್ನು ಮುಟ್ಟುತ್ತದೆ! ಹೆಸರಾಂತ ನಟರನ್ನು ಕರೆತರುವುದು ಈ ಮೊದಲ ಹತ್ತು ಲಕ್ಷಕ್ಕಾಗಿ. ಒಗಟನ್ನು ಹೂಡುವುದು ಗುಣಕವನ್ನು 1ರ ಹತ್ತಿರಕ್ಕೆ ತರುವುದಕ್ಕಾಗಿ.

ಜಾಹೀರಾತಿನ ಒಗಟಿಗೆ ಉತ್ತರ ಹೇಳುವವರು ಇರುತ್ತಾರೆ. ಉತ್ತರ ಹೊರಬಿದ್ದೊಡನೆ ಗುಣಕ ಕುಸಿಯುತ್ತದೆ. ಗಾಳಿಸುದ್ದಿಗೆ ಅಂಥವರಿಲ್ಲ. ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಅರ್ಧಂಬರ್ಧ ಸುದ್ದಿಯು 2018ರಲ್ಲಿ ವಾಟ್ಸ್‌ಆ್ಯಪ್ ಮೂಲಕ ಊರೂರಿಗೆ ಹಬ್ಬಿದಾಗ, ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ನಿರಪರಾಧಿ ಯುವಕನೊಬ್ಬನನ್ನು ಜನರು ಹೊಡೆದು ಕೊಂದರು. ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ಅಂಥ ಸಂದೇಶವನ್ನು ತಾವೂ ಮುಂದಕ್ಕೆ ಕಳುಹಿಸಿದ್ದೆವೆಂದು ತರಗತಿಯಲ್ಲಿ ಒಪ್ಪಿಕೊಂಡಾಗ ನಮಗೆ ಏನು ಹೇಳಬೇಕೆಂದು ತೋಚಲಿಲ್ಲ. ಅವರೆಲ್ಲ ಒಳ್ಳೆಯ ಹುಡುಗರೇ.

ಅದೇ ತಿಂಗಳಲ್ಲಿ ಆ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸುವಂತೆ ಮಿತಿ ಹಾಕಿತು. ಹಲವು ಕೈ ದಾಟಿ ಬಂದ ಸಂದೇಶಗಳಿಗೆ ಈ ಮಿತಿ 2020ರ ಏಪ್ರಿಲಿನಲ್ಲಿ ಒಂದಕ್ಕೆ ಇಳಿಯಿತು. ಅವುಗಳ ಸಂಚಾರ ಶೇಕಡ 70ರಷ್ಟು ತಗ್ಗಿತೆಂದು ಸಂಸ್ಥೆಯೇ ತಿಳಿಸಿತು. ಸ್ಥಾವರದಲ್ಲಿ ನ್ಯೂಟ್ರಾನುಗಳನ್ನು ಹೀರುವ ಕ್ಯಾಡ್ಮಿಯಮ್ ಸರಳುಗಳ ಕೆಲಸವೂ ಇದೇ ಬಗೆಯದು. ಆದರೆ ಮೊದಲ ಹತ್ತು ಲಕ್ಷವನ್ನು ಹಣ ತೆತ್ತು ಕೊಳ್ಳಬಲ್ಲ ಜಾಹೀರಾತುಗಾರನಿಗೆ ಇಂಥ ಮಿತಿಗಳಿಂದ ಆಗುವ ನಷ್ಟ ಅಷ್ಟು ದೊಡ್ಡದಲ್ಲ: ಗುಣಕವು 0.5ಕ್ಕೆ ಇಳಿದರೂ ಆತನ ಸುದ್ದಿ ಇಪ್ಪತ್ತು ಲಕ್ಷ ಜನರನ್ನು ಮುಟ್ಟಿಯೇ ತೀರುತ್ತದೆ.