ನೂರಕ್ಕೆ ತೊಂಬತ್ತು ಸಾಲದ ಆಟ

ಮುಂಬೈನ ಕೊಳೆಗೇರಿ ಪುನರ್ವಸತಿ (ಎಸ್‌ಆರ್‌ಎ) ಯೋಜನೆಯಲ್ಲಿ ದಹಿಸರ್‌ನ ಝೋಪಡಪಟ್ಟಿಯ ಕುಟುಂಬಕ್ಕೆ ಇಂದು ಸಲ್ಲುವ ಮನೆ 300 ಚದರ ಅಡಿ. ರಗ್ಬಿ ಸೆವೆನ್ಸ್‌ನಲ್ಲಿ ಒಬ್ಬೊಬ್ಬ ಆಟಗಾರ ಕಾಯಬೇಕಾದ ಜಾಗದಲ್ಲಿ ಅಂಥ ಸುಮಾರು 36 ಮನೆಗಳು ಹಿಡಿಸುತ್ತವೆ!

ಲೆಕ್ಕ ಸರಳ. ರಗ್ಬಿ ಮೈದಾನ ಹೆಚ್ಚೆಂದರೆ 100 ಮೀಟರ್ ಉದ್ದ, 70 ಮೀಟರ್ ಅಗಲ. ಅಂದರೆ 7,000 ಚದರ ಮೀಟರ್. ಏಳು ಜನಕ್ಕೆ ಹಂಚಿದರೆ ತಲೆಗೆ ಸಾವಿರ. ಕಬಡ್ಡಿಯಲ್ಲೂ ಏಳೇ ಜನ. ಆದರೆ ಪುರುಷರ ಅಂಕಣದಲ್ಲಿ ತಂಡದ ಪಾಲು 65 ಚದರ ಮೀಟರ್, ತಲೆಗೆ ಒಂಬತ್ತು ಚಿಲ್ಲರೆ. ದಹಿಸರ್‌ನಿಂದ ಲೋಕಲ್ ಹತ್ತಿದರೆ ಸಿಗುವ ಅಂಧೇರಿಯ ಕ್ರೀಡಾ ಸಂಕುಲದಲ್ಲಿ 2025ರ ಜೂನ್‌ನಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆದಾಗ, ಬೆಂಗಳೂರು ಬ್ರೇವ್‌ಹಾರ್ಟ್ಸ್ ಸೇರಿ ಆರು ತಂಡಗಳು ಆಡಿದ್ದು ಈ ಏಳು ಜನರ ರಗ್ಬಿಯನ್ನೇ.

ಕಾಯುವ ಜಾಗ ಬದಲಾದರೆ ತಪ್ಪಿನ ಬೆಲೆಯೂ ಬದಲಾಗುತ್ತದೆ. ಕಬಡ್ಡಿಯಲ್ಲಿ ಎರಡು ಹಿಡಿತಕ್ಕೆ ಒಂದು ಗೆದ್ದರೂ ಒಳ್ಳೆಯ ಡಿಫೆಂಡರ್ ಎನ್ನುತ್ತೇವೆ. ಅದೇ ಮೈದಾನದ ಹದಿನೈದು ಜನರ ರಗ್ಬಿಯಲ್ಲೂ ನೂರಕ್ಕೆ ತೊಂಬತ್ತು ಟ್ಯಾಕಲ್ ಗೆದ್ದರೂ ನಿಶ್ಚಿಂತೆಯಿಲ್ಲ. 200 ಟ್ಯಾಕಲ್‌ಗೆ ಇಳಿದ ತಂಡದ ಕೈಯಿಂದ ಆಗ 20 ಸಲ ಎದುರಾಳಿ ಜಾರಿಹೋಗಿರುತ್ತಾನೆ. ಹಾಗೆ ಜಾರಿದವನು ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ; ಒಂದು ಟ್ರೈಗೆ ಐದು ಅಂಕ.

2023ರ ವಿಶ್ವಕಪ್ ಕ್ವಾರ್ಟರ್ ಫೈನಲ್ ನೋಡಿ. ಐರ್ಲೆಂಡ್ 24, ನ್ಯೂಜಿಲೆಂಡ್ 28. ಕೊನೆಯಲ್ಲಿ ಐರ್ಲೆಂಡ್ ಚೆಂಡು ಬಿಟ್ಟುಕೊಡದೆ 37 ಸಲ ಒಂದರ ಹಿಂದೊಂದು ನುಗ್ಗಿತು. ಒಂದು ಟ್ರೈ ಆಗಿದ್ದರೂ ನ್ಯೂಜಿಲೆಂಡ್ ಮನೆಗೆ ಹೋಗಬೇಕಿತ್ತು. ಪ್ರತಿ ನುಗ್ಗಿಗೆ ಒಂದೇ ಟ್ಯಾಕಲ್ ಎಂದಿಟ್ಟುಕೊಳ್ಳೋಣ. ತೊಂಬತ್ತರ ಸರಾಸರಿಯ ತಂಡ 37 ಸಲವೂ ತಪ್ಪದೆ ತಡೆಯುವ ಸಾಧ್ಯತೆ ನೂರಕ್ಕೆ ಬರೀ 2. ಸರಾಸರಿ 95 ಆದರೆ 15. 98ಕ್ಕೆ ಏರಿದರೆ 47! ಸರಾಸರಿಯಲ್ಲಿ ಎಂಟೇ ಹೆಚ್ಚು, ಉಳಿಯುವ ಸಾಧ್ಯತೆ ಇಪ್ಪತ್ತಮೂರು ಪಟ್ಟು. ಕೊನೆಗೆ ನ್ಯೂಜಿಲೆಂಡ್‌ನ ಸ್ಯಾಮ್ ವೈಟ್‌ಲಾಕ್ ಆಕ್ರಮಣ ಮುರಿದರು, ತಂಡ ಉಳಿಯಿತು.

ಅದೇ ನ್ಯೂಜಿಲೆಂಡ್ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾಕ್ಕೆ 11-12ರಿಂದ ಸೋತಿತು. ಅಂದು ಗೆದ್ದ ತಂಡದ ಪೀಟರ್-ಸ್ಟೆಫ್ ಡು ಟಾಯ್ಟ್ ಒಬ್ಬರೇ 28 ಟ್ಯಾಕಲ್ ಮಾಡಿದರು. 80 ನಿಮಿಷದ ಆಟದಲ್ಲಿ ಸರಾಸರಿ ಮೂರು ನಿಮಿಷ ತುಂಬುವ ಮೊದಲೇ ಮತ್ತೊಂದು ಡಿಕ್ಕಿ.

ಆದರೆ ಈ 28ನ್ನೂ ಕಣ್ಣುಮುಚ್ಚಿ ಹೊಗಳಲಾಗದು. ಚೆಂಡು ಎದುರಾಳಿಯ ಕೈಯಲ್ಲೇ ಇದ್ದರೆ ಯಾರ ಟ್ಯಾಕಲ್ ಸಂಖ್ಯೆಯಾದರೂ ಏರುತ್ತದೆ; ಚೆಂಡು ತಾನೇ ಇಟ್ಟುಕೊಂಡ ತಂಡದ ಸಂಖ್ಯೆ ಇಳಿಯುತ್ತದೆ. ಸರಿಯಾದ ಜಾಗದಲ್ಲಿ ನಿಂತು, ಎದುರಾಳಿ ತನ್ನತ್ತ ಸುಳಿಯದಂತೆ ಮಾಡಿದವನ ಖಾತೆಯಲ್ಲಂತೂ ಸೊನ್ನೆಯೇ ಉಳಿಯಬಹುದು. ಟ್ಯಾಕಲ್ ಗೆದ್ದರೂ ಹಿಂದಕ್ಕೆ ಐದು ಮೀಟರ್ ತಳ್ಳಿಸಿಕೊಂಡಿದ್ದರೆ ಲೆಕ್ಕಕ್ಕೆ ಅದೂ ಯಶಸ್ಸೇ.

ಹಾಗಾಗಿ ರಕ್ಷಣೆಯ ಅಂಕಿಅಂಶ ಕಣ್ಣಿಗೆ ಬಿದ್ದಾಗ ಮೂರು ಪ್ರಶ್ನೆ ಕೇಳಿ: ಎಷ್ಟು ಸಲ ಪರೀಕ್ಷೆಯಾಯಿತು, ಎಲ್ಲಿ ತಪ್ಪಿತು, ತಪ್ಪಿದ ಮೇಲೆ ಎಷ್ಟು ಅಂಕ ಹೋಯಿತು? ಈ ಮೂರಕ್ಕೂ ಉತ್ತರ ಕೊಡದ ಶೇಕಡಾವಾರು ಎಷ್ಟೇ ದೊಡ್ಡದಿದ್ದರೂ ನಂಬಬೇಡಿ.