ಮನೆಯ ವ್ಯಾಯಾಮಕ್ಕಾಗಿ ಕೆಟಲ್‌ಬೆಲ್ ಖರೀದಿ: ಗ್ರಾಹಕರು ಪರಿಶೀಲಿಸಬೇಕಾದ ಅಂಶಗಳು

ಮನೆಯಲ್ಲಿಯೇ ವ್ಯಾಯಾಮ ಮಾಡುವ ಉದ್ದೇಶದಿಂದ ಕೆಟಲ್‌ಬೆಲ್ ಖರೀದಿಸುವ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಮೇಲ್ಭಾಗದಲ್ಲಿ ದಪ್ಪನೆಯ ಹಿಡಿಯುಳ್ಳ, ತಳ ಮಟ್ಟಸವಾಗಿರುವ ಲೋಹದ ಗುಂಡಿಗೆ ಕೆಟಲ್‌ಬೆಲ್ ಎಂದು ಹೆಸರು. ಇದರಲ್ಲಿ ತಿರುಗುವ ಭಾಗಗಳಿಲ್ಲ, ವಿದ್ಯುತ್ತಿನ ಅಗತ್ಯವೂ ಇಲ್ಲ. ಆದಕಾರಣ ಇದರಲ್ಲಿ ಕೆಡುವಂಥದ್ದೇನೂ ಇಲ್ಲವೆಂದು ಭಾವಿಸಿ, ಬಣ್ಣ ಮತ್ತು ಬೆಲೆಯನ್ನಷ್ಟೇ ನೋಡಿ ಖರೀದಿಸುವವರು ಅನೇಕರು. ಆದರೆ ಡಂಬೆಲ್‌ನಂತೆ ಇದನ್ನು ಕೇವಲ ಎತ್ತಿ ಇಳಿಸುವುದಿಲ್ಲ. ಕಾಲುಗಳ ನಡುವಿನಿಂದ ಎದೆಯ ಮಟ್ಟಕ್ಕೆ ಬೀಸಲಾಗುತ್ತದೆ. ಕೆಲವು ವ್ಯಾಯಾಮಗಳಲ್ಲಿ ಒಂದೇ ಕೈಯಿಂದ ತಲೆಯ ಮೇಲಕ್ಕೆ ಒಯ್ಯಲಾಗುತ್ತದೆ. ಬೀಸುವ ಸಮಯದಲ್ಲಿ ಹಿಡಿಯ ಮೇಲೆ ಬೀಳುವ ಸೆಳೆತವು ಗುಂಡಿನ ತೂಕಕ್ಕಿಂತ ಬಹಳಷ್ಟು ಹೆಚ್ಚಾಗಿರುತ್ತದೆ. ಕಳಪೆ ಡಂಬೆಲ್ ಕೊಂಡವರಿಗೆ ಸಾಮಾನ್ಯವಾಗಿ ಹಣವಷ್ಟೇ ನಷ್ಟ. ಬೀಸುತ್ತಿರುವ ಕೆಟಲ್‌ಬೆಲ್‌ನ ಹಿಡಿ ಕಳಚಿಕೊಂಡಲ್ಲಿ ಗುಂಡು ಎದುರಿನ ಗೋಡೆಗೆ ಬಡಿಯಬಹುದು ಅಥವಾ ಅದೇ ಕೋಣೆಯಲ್ಲಿರುವ ಮಗುವಿಗೆ ತಗಲಬಹುದು.

ಹಿನ್ನೆಲೆ

ಕೆಟಲ್‌ಬೆಲ್‌ನ ಮೂಲ ರಷ್ಯಾ. ಅಲ್ಲಿ ಇದಕ್ಕೆ ಗಿರ್ಯಾ ಎಂದು ಹೆಸರು; ತೂಕದ ಬಟ್ಟಿಗೂ ಅದೇ ಹೆಸರು. ಅಲ್ಲಿನ ಹಳೆಯ ತೂಕದ ಮಾನವಾದ ಒಂದು ಪೂಡ್ ಎಂದರೆ ಸುಮಾರು 16.38 ಕಿ.ಗ್ರಾಂ. 1918ರಲ್ಲಿ ರಷ್ಯಾ ಸರ್ಕಾರವು ಮೆಟ್ರಿಕ್ ಪದ್ಧತಿಯನ್ನು ಅಂಗೀಕರಿಸುವ ಆದೇಶ ಹೊರಡಿಸಿ, ಕ್ರಮೇಣ ಪೂಡ್ ಬಳಕೆಯಿಂದ ಹೊರಬಿದ್ದರೂ ಅದರ ಗುರುತು ಉಳಿದುಕೊಂಡಿದೆ. ಇಂದಿಗೂ ಅಂಗಡಿಗಳಲ್ಲಿ 16, 24 ಮತ್ತು 32 ಕಿ.ಗ್ರಾಂ ಕೆಟಲ್‌ಬೆಲ್‌ಗಳು ಪ್ರಧಾನವಾಗಿ ಕಾಣಸಿಗುವುದಕ್ಕೆ ಇವು ಒಂದು, ಒಂದೂವರೆ ಮತ್ತು ಎರಡು ಪೂಡ್‌ಗಳಿಗೆ ಹತ್ತಿರವಾಗಿರುವುದೇ ಕಾರಣ. ನಮ್ಮ ಗರಡಿಮನೆಗಳಲ್ಲಿಯೂ, ಉತ್ತರ ಕರ್ನಾಟಕದ ಜಾತ್ರೆಗಳಲ್ಲಿಯೂ ಸಂಗ್ರಾಣಿ ಕಲ್ಲು ಎತ್ತುವ ಪದ್ಧತಿ ಹಿಂದಿನಿಂದ ಬಂದಿದೆ. ಸಂಗ್ರಾಣಿ ಕಲ್ಲಿಗೆ ಕಳಚಿಕೊಳ್ಳುವ ಹಿಡಿ ಇಲ್ಲ. ಕೆಟಲ್‌ಬೆಲ್‌ನ ಗುಣಮಟ್ಟದ ಪ್ರಶ್ನೆ ಪ್ರಾರಂಭವಾಗುವುದೇ ಹಿಡಿಯಿಂದ.

ಹಿಡಿಯ ಪರಿಶೀಲನೆ

ಉತ್ತಮ ಕೆಟಲ್‌ಬೆಲ್‌ನಲ್ಲಿ ಹಿಡಿ ಮತ್ತು ಗುಂಡು ಒಂದೇ ಎರಕದಲ್ಲಿ ಮೂಡಿಬಂದಿರುತ್ತವೆ. ಬೀಡು ಕಬ್ಬಿಣವನ್ನು ಕರಗಿಸಿ ಮರಳಿನ ಅಚ್ಚಿಗೆ ಸುರಿದು ಇದನ್ನು ತಯಾರಿಸುವುದು ವಾಡಿಕೆ. ಹಿಡಿಯ ಎರಡು ಕಾಲುಗಳು ಗುಂಡಿಗೆ ಸೇರುವ ಸ್ಥಳವನ್ನು ಬೆಳಕಿನಲ್ಲಿ ಹಿಡಿದು ನೋಡತಕ್ಕದ್ದು. ಅಲ್ಲಿ ಬೆಸುಗೆಯ ಉಬ್ಬು, ಬೋಲ್ಟು, ತುಂಬಿ ಸವರಿದ ಪುಟ್ಟಿ ಅಥವಾ ಬಣ್ಣದ ಕೆಳಗಿನಿಂದ ಕಾಣುವ ಕೂದಲೆಳೆಯಂತಹ ಬಿರುಕು ಕಂಡುಬಂದಲ್ಲಿ ಅಂತಹ ವಸ್ತುವನ್ನು ಖರೀದಿಸದಿರುವುದು ಸೂಕ್ತ. ಸರಿಯಾಗಿ ಮಾಡಿದ ಬೆಸುಗೆ ಗಟ್ಟಿಯಾಗಿಯೇ ಇರುತ್ತದೆ, ನಿಜ; ಆದರೆ ಬಣ್ಣದ ಕೆಳಗಿರುವ ಬೆಸುಗೆ ಎಂತಹದೆಂದು ಅಂಗಡಿಯಲ್ಲಿ ನಿಂತು ಹೇಳಲು ಯಾರಿಗೂ ಸಾಧ್ಯವಿಲ್ಲ.

ಎರಡನೆಯದಾಗಿ, ಹಿಡಿಯ ಒಳಮೈಯಲ್ಲಿ, ಅಂದರೆ ಬೆರಳುಗಳು ಸುತ್ತುವ ಭಾಗದಲ್ಲಿ, ಬೆರಳನ್ನು ನಿಧಾನವಾಗಿ ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿ ನೋಡಬೇಕು. ಅಚ್ಚಿನ ಎರಡು ಭಾಗಗಳು ಸೇರುವಲ್ಲಿ ಎರಕವು ತೆಳುವಾದ ಏಣಾಗಿ ಉಳಿಯುತ್ತದೆ. ಅದನ್ನು ಉಜ್ಜಿ ತೆಗೆಯುವುದು ತಯಾರಕರ ಕೆಲಸ. ತೆಗೆಯದೆ ಬಿಟ್ಟಿದ್ದಲ್ಲಿ ಹತ್ತಾರು ಬಾರಿ ಬೀಸುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದು ಚರ್ಮ ಕಿತ್ತುಬರುತ್ತದೆ. ಬಣ್ಣದ ಮೇಲಿನಿಂದ ಈ ಏಣು ಕಣ್ಣಿಗೆ ಕಾಣದು, ಬೆರಳಿಗೆ ಮಾತ್ರ ತಿಳಿಯುತ್ತದೆ.

ಮೂರನೆಯದು ಹಿಡಿಯ ದಪ್ಪ. ಸ್ಪರ್ಧೆಗಳಲ್ಲಿ ಬಳಸುವ ಹಿಡಿಯ ವ್ಯಾಸವು ಸಾಮಾನ್ಯವಾಗಿ 35 ಮಿ.ಮೀ., ಕೆಲವು ತಯಾರಿಕೆಗಳಲ್ಲಿ 33 ಮಿ.ಮೀ. ಇರುತ್ತದೆ. ಎರಕದ ಭಾರದ ಗುಂಡುಗಳಲ್ಲಿ ಇದು 38 ಮಿ.ಮೀ.ವರೆಗೂ ಹೋಗುವುದುಂಟು. ಇದನ್ನು ಅಳೆಯಲು ವಿಶೇಷ ಉಪಕರಣ ಬೇಕಿಲ್ಲ. ಹಿಡಿಗೆ ಒಂದು ದಾರವನ್ನು ಸುತ್ತಿ, ಆ ದಾರವನ್ನು ಅಳತೆಪಟ್ಟಿಯ ಮೇಲಿಟ್ಟರೆ ಸಾಕು: 35 ಮಿ.ಮೀ. ವ್ಯಾಸಕ್ಕೆ ಸುತ್ತಳತೆ ಸರಿಸುಮಾರು 11 ಸೆಂ.ಮೀ., 38 ಮಿ.ಮೀ.ಗೆ ಸುಮಾರು 12 ಸೆಂ.ಮೀ. ಬರುತ್ತದೆ. ಚಿಕ್ಕ ಕೈಯುಳ್ಳವರಿಗೆ ದಪ್ಪ ಹಿಡಿ ಬೇಗನೆ ಆಯಾಸ ತರುತ್ತದೆ; ಆಯಾಸಗೊಂಡ ಕೈಯಿಂದಲೇ ಗುಂಡು ಜಾರುವುದು.

ಹಿಡಿಯ ಹೊಳಪಿನ ಬಗ್ಗೆಯೂ ಒಂದು ಮಾತು ಅಗತ್ಯ. ಕ್ರೋಮ್ ಲೇಪನದ ಹಾಗೂ ನುಣುಪು ಬಣ್ಣ ಬಳಿದ ಹಿಡಿಗಳು ಪ್ರದರ್ಶನದಲ್ಲಿ ಚೆನ್ನಾಗಿ ಕಾಣುತ್ತವೆ, ಬೆವರಿದ ಕೈಯಲ್ಲಿ ಜಾರುತ್ತವೆ. ಸ್ವಲ್ಪ ತರಿಯಾಗಿರುವ ಪೌಡರ್ ಕೋಟಿಂಗ್ ಅಥವಾ ಬಣ್ಣವಿಲ್ಲದ ಉಜ್ಜಿದ ಉಕ್ಕಿನ ಹಿಡಿ ಮನೆಯ ಬಳಕೆಗೆ ಉತ್ತಮ.

ಗುಂಡಿನ ಬಗೆಗಳು

ಮಾರುಕಟ್ಟೆಯಲ್ಲಿ ದೊರೆಯುವ ಬೀಡು ಕಬ್ಬಿಣದ ಕೆಟಲ್‌ಬೆಲ್‌ಗಳು ತೂಕ ಹೆಚ್ಚಿದಂತೆ ಗಾತ್ರದಲ್ಲಿಯೂ ಹೆಚ್ಚುತ್ತವೆ. ಸ್ಪರ್ಧಾ ಮಾದರಿಯವು ಉಕ್ಕಿನವು. ಇವು 8 ಕಿ.ಗ್ರಾಂ ಇರಲಿ, 32 ಕಿ.ಗ್ರಾಂ ಇರಲಿ, ಒಂದೇ ಗಾತ್ರದಲ್ಲಿರುತ್ತವೆ: ಎತ್ತರ 28 ಸೆಂ.ಮೀ., ಗುಂಡಿನ ವ್ಯಾಸ 21 ಸೆಂ.ಮೀ. ತೂಕವನ್ನು ಬಣ್ಣದಿಂದ ಗುರುತಿಸುವ ರೂಢಿಯಿದ್ದು, 16 ಕಿ.ಗ್ರಾಂಗೆ ಹಳದಿ, 24ಕ್ಕೆ ಹಸಿರು, 32ಕ್ಕೆ ಕೆಂಪು ಬಣ್ಣವಿರುತ್ತದೆ. ಸ್ಪರ್ಧಾ ಮಾದರಿಯೆಂದು ಹೆಚ್ಚಿನ ಬೆಲೆ ಹೇಳುವ ಅಂಗಡಿಯಲ್ಲಿ 8 ಮತ್ತು 16 ಕಿ.ಗ್ರಾಂ ಗುಂಡುಗಳನ್ನು ಅಕ್ಕಪಕ್ಕ ಇರಿಸಿ ನೋಡಬಹುದು. ಒಂದು ಚಿಕ್ಕದಾಗಿ ಇನ್ನೊಂದು ದೊಡ್ಡದಾಗಿದ್ದರೆ ಅವು ಬಣ್ಣ ಬಳಿದ ಸಾಮಾನ್ಯ ಗುಂಡುಗಳು. ಮನೆಯಲ್ಲಿ ವ್ಯಾಯಾಮ ಮಾಡುವವರಿಗೆ ಸ್ಪರ್ಧಾ ಮಾದರಿಯೇ ಆಗಬೇಕೆಂದಿಲ್ಲ. ಉತ್ತಮ ಎರಕದ ಸಾಮಾನ್ಯ ಗುಂಡು ಸಾಕಾಗುತ್ತದೆ. ಇಲ್ಲದ ಗುಣಕ್ಕೆ ಬೆಲೆ ತೆರುವುದು ಬೇಡವೆಂಬುದಷ್ಟೇ ಇಲ್ಲಿನ ಮಾತು.

ಪ್ಲಾಸ್ಟಿಕ್ ಚಿಪ್ಪಿನೊಳಗೆ ಸಿಮೆಂಟ್ ಅಥವಾ ಮರಳು ತುಂಬಿದ ಗುಂಡುಗಳು ಅಗ್ಗ. ಕಬ್ಬಿಣಕ್ಕಿಂತ ಸಿಮೆಂಟ್ ಹಗುರವಾದ್ದರಿಂದ ಅದೇ ತೂಕಕ್ಕೆ ಗಾತ್ರ ಬಹಳ ದೊಡ್ಡದಾಗಿ, ಮುಂಗೈಗೆ ಒತ್ತುತ್ತದೆ. ನೆಲಕ್ಕೆ ಇಡುವಾಗ ಚಿಪ್ಪು ಒಡೆದು ಪುಡಿ ಸುರಿಯುವುದೂ ಉಂಟು. ಯಾವುದೇ ಬಗೆಯ ಗುಂಡನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಾಗ ಒಳಗೆ ಸದ್ದು ಕೇಳಿಸಿದಲ್ಲಿ ತುಂಬಿದ ವಸ್ತು ಸಡಿಲವಾಗಿದೆ ಎಂದು ತಿಳಿಯತಕ್ಕದ್ದು. ತೂಕ ಬದಲಾಯಿಸಬಹುದಾದ ಮಾದರಿಗಳು ಜಾಗ ಉಳಿಸುತ್ತವೆಯಾದರೂ, ಪ್ರತಿ ಬಾರಿ ಬೀಸುವ ಮುನ್ನ ಅವುಗಳ ಚಿಲಕವನ್ನು ಪರೀಕ್ಷಿಸುವ ಶಿಸ್ತು ಇಲ್ಲದವರಿಗೆ ಅವು ತಕ್ಕುವಲ್ಲ. ಕೊನೆಯದಾಗಿ, ಗುಂಡನ್ನು ಸಮತಟ್ಟಾದ ನೆಲದ ಮೇಲಿರಿಸಿ ಬೆರಳಿನಿಂದ ತಳ್ಳಿದಾಗ ಅದು ಓಲಾಡಬಾರದು.

ಯಾವ ತೂಕ ಸೂಕ್ತ

ಇದುವರೆಗೆ ವ್ಯಾಯಾಮದ ಅಭ್ಯಾಸವಿಲ್ಲದ ವಯಸ್ಕ ಪುರುಷರು 12 ಅಥವಾ 16 ಕಿ.ಗ್ರಾಂ, ಮಹಿಳೆಯರು 8 ಕಿ.ಗ್ರಾಂನಿಂದ ಪ್ರಾರಂಭಿಸುವುದು ಸಾಮಾನ್ಯ ರೂಢಿ. ಇದು ನಿಯಮವಲ್ಲ. ಎರಡೂ ಕೈಗಳಿಂದ ಬೀಸುವಾಗ ಸೊಂಟ ಮತ್ತು ತೊಡೆಯ ದೊಡ್ಡ ಸ್ನಾಯುಗಳು ಕೆಲಸ ಮಾಡುವುದರಿಂದ ಭಾರ ಹಗುರವೆನಿಸುತ್ತದೆ. ಅದೇ ಗುಂಡನ್ನು ಒಂದೇ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಲು ಭುಜವೊಂದನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಆದುದರಿಂದ ಅಂಗಡಿಯಲ್ಲಿ ನಿಂತು ಒಮ್ಮೆ ಎತ್ತಿದ ಮಾತ್ರಕ್ಕೆ ತೂಕವನ್ನು ನಿರ್ಧರಿಸಲಾಗದು. ಒಂದೇ ಕೈಯಲ್ಲಿ, ಬೆನ್ನು ಬಾಗದೆ, ಐದಾರು ಬಾರಿ ನಿಧಾನವಾಗಿ ತಲೆಯ ಮೇಲಕ್ಕೆ ಎತ್ತಿ ಇಳಿಸಲು ಬರುವ ತೂಕ ಮೊದಲ ಖರೀದಿಗೆ ಯೋಗ್ಯ. ಮನೆಮಂದಿಗೆಲ್ಲ ಒಂದೇ ಗುಂಡು ಸಾಕೆಂಬ ಲೆಕ್ಕಾಚಾರ ಉಳಿತಾಯದಂತೆ ಕಂಡರೂ ಅದರಿಂದ ಯಾರಿಗೂ ಸರಿಯಾದ ತೂಕ ಸಿಕ್ಕಂತಾಗುವುದಿಲ್ಲ. ರಕ್ತದೊತ್ತಡ, ಬೆನ್ನುನೋವು, ಹರ್ನಿಯಾ ಇರುವವರು ಹಾಗೂ ಗರ್ಭಿಣಿಯರು ಖರೀದಿಗೆ ಮುನ್ನವೇ ವೈದ್ಯರ ಸಲಹೆ ಪಡೆಯತಕ್ಕದ್ದು.

ತೂಕ ಮತ್ತು ಬೆಲೆ

ವರ್ತಕರು ಬಳಸುವ ತೂಕದ ಬಟ್ಟುಗಳ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರುವಂತೆ ಕೆಟಲ್‌ಬೆಲ್‌ನ ಮೇಲೆ ಏಕೆ ಇಲ್ಲವೆಂಬ ಪ್ರಶ್ನೆ ಸಹಜ. ಈ ಗುಂಡಿನಿಂದ ಯಾರೂ ಸರಕು ತೂಗುವುದಿಲ್ಲವಾದ್ದರಿಂದ ಇದಕ್ಕೆ ಸತ್ಯಾಪನೆಯ ಮುದ್ರೆ ಅಗತ್ಯವಿಲ್ಲ. ಆದ್ದರಿಂದ ಎರಕದಲ್ಲಿ ಮೂಡಿರುವ 16 ಎಂಬ ಅಂಕಿಯು ತಯಾರಕರ ಹೇಳಿಕೆಯೇ ಹೊರತು ಪ್ರಮಾಣಪತ್ರವಲ್ಲ. ವ್ಯಾಯಾಮದ ಸಾಮಗ್ರಿಗಳನ್ನು ಅನೇಕ ಅಂಗಡಿಗಳು ಕಿಲೋ ದರದಲ್ಲಿ ಮಾರುತ್ತವೆ. ಹಾಗೆ ಮಾರುವಾಗ ಗ್ರಾಹಕರ ಎದುರಿನಲ್ಲಿಯೇ ತೂಗಿಕೊಡುವಂತೆ ಕೇಳಬಹುದು. ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯು ಪ್ರತಿ 12 ತಿಂಗಳಿಗೊಮ್ಮೆ ಸತ್ಯಾಪನೆಗೊಳಪಟ್ಟಿರಬೇಕು.

ಉದಾಹರಣೆಗೆ, 12 ಕಿ.ಗ್ರಾಂ ಎಂದು ಬರೆದಿರುವ ಗುಂಡಿಗೆ 3,000 ರೂ. ಎಂದಾದರೆ ಕಿಲೋವೊಂದಕ್ಕೆ 250 ರೂ. ಆಯಿತು. ಅದೇ ಗುಂಡು ತಕ್ಕಡಿಯಲ್ಲಿ 11.2 ಕಿ.ಗ್ರಾಂ ತೂಗಿದರೆ ಗ್ರಾಹಕರು ಕಿಲೋವೊಂದಕ್ಕೆ ಸುಮಾರು 268 ರೂ. ತೆತ್ತಂತಾಗುತ್ತದೆ. ಕೆಲವೇ ಗ್ರಾಂಗಳ ವ್ಯತ್ಯಾಸದಿಂದ ವ್ಯಾಯಾಮಕ್ಕೆ ಬಾಧೆಯಿಲ್ಲ. ಜೋಡಿಯಾಗಿ ಕೊಳ್ಳುವವರು ಮಾತ್ರ ಎರಡನ್ನೂ ತೂಗಿಸಿಯೇ ಕೊಳ್ಳಬೇಕು, ಏಕೆಂದರೆ ಒಂದು ಕೈಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಭಾರ ಬಿದ್ದಲ್ಲಿ ಅದರ ಪರಿಣಾಮ ಬೆನ್ನಿನ ಮೇಲಾಗುತ್ತದೆ.

ಪೊಟ್ಟಣದ ಮೇಲಿನ ವಿವರ ಮತ್ತು ರಸೀದಿ

ಪೆಟ್ಟಿಗೆಯಲ್ಲಿ ಬರುವ ಕೆಟಲ್‌ಬೆಲ್‌ಗೆ 2011ರ ಕಾನೂನು ಮಾಪನಶಾಸ್ತ್ರ (ಪೊಟ್ಟಣ ಸಾಮಗ್ರಿಗಳು) ನಿಯಮಗಳ ಪ್ರಕಾರ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಆಮದು ವಸ್ತುವಾದಲ್ಲಿ ಮೂಲ ದೇಶ, ಪರಿಮಾಣ, ತಯಾರಿಕೆಯ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಚಿಲ್ಲರೆ ಮಾರಾಟ ಬೆಲೆ, ದೂರಿಗಾಗಿ ಸಂಪರ್ಕಿಸಬೇಕಾದವರ ವಿವರ ಇವು ಅನ್ವಯವಾಗುತ್ತವೆ. ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯುವುದು ಅಪರಾಧ. ಪೆಟ್ಟಿಗೆಯಿಲ್ಲದೆ ಬಿಡಿಯಾಗಿ ಮಾರುವ ಗುಂಡಿನ ಮೇಲೆ ಇವಾವುವೂ ಇರುವುದಿಲ್ಲ. ಅಂತಹ ಸಂದರ್ಭದಲ್ಲಿ ಗ್ರಾಹಕರಿಗೆ ಉಳಿಯುವ ಆಧಾರ ರಸೀದಿಯೊಂದೇ. ‘ವ್ಯಾಯಾಮ ಸಾಮಗ್ರಿ’ ಎಂದಷ್ಟೇ ಬರೆದ ರಸೀದಿಯಿಂದ ಪ್ರಯೋಜನ ಕಡಿಮೆ. ವಸ್ತುವಿನ ಹೆಸರು, ಬೀಡು ಕಬ್ಬಿಣವೋ ಉಕ್ಕೋ ಎಂಬುದು, ತೂಕ, ದಿನಾಂಕ, ಮಾರಾಟಗಾರರ ಜಿಎಸ್‌ಟಿ ಸಂಖ್ಯೆ ಇರುವಂತೆ ಬರೆಯಿಸಿಕೊಳ್ಳತಕ್ಕದ್ದು. ರಸೀದಿ ಬೇಡವೆಂದರೆ ಬೆಲೆ ಇಳಿಸುವುದಾಗಿ ಹೇಳುವ ಅಂಗಡಿಯಲ್ಲಿ ಕೊಂಡ ವಸ್ತು ಒಡೆದಾಗ, ಇಳಿಸಿದ ಮೊತ್ತಕ್ಕಿಂತ ಹೆಚ್ಚಿನದು ಕೈತಪ್ಪುತ್ತದೆ.

ಅಂತರ್ಜಾಲದಲ್ಲಿ ಖರೀದಿಸುವವರು ಗುಂಡನ್ನು ಕೈಯಲ್ಲಿ ಹಿಡಿದು ನೋಡಲಾರರು. ತಯಾರಿಕೆಯ ತಿಂಗಳು ಮತ್ತು ವರ್ಷದ ಹೊರತು ಮೇಲ್ಕಂಡ ಉಳಿದ ವಿವರಗಳನ್ನು ಮಾರಾಟ ತಾಣದಲ್ಲಿಯೇ ಪ್ರಕಟಿಸುವುದು 2018ರ ಜನವರಿ 1ರಿಂದ ಕಡ್ಡಾಯವಾಗಿದೆ. ಹಣ ಪಾವತಿಸುವ ಮೊದಲು ಹಿಂದಿರುಗಿಸುವ ಷರತ್ತನ್ನು ಓದುವುದು, ಅದರಲ್ಲಿಯೂ ಭಾರದ ವಸ್ತುವಿನ ಸಾಗಣೆ ವೆಚ್ಚವನ್ನು ಯಾರು ಭರಿಸಬೇಕೆಂಬುದನ್ನು ನೋಡುವುದು ಮುಖ್ಯ. ಪೆಟ್ಟಿಗೆ ಬಂದ ದಿನವೇ ತೆರೆದು, ಛಾಯಾಚಿತ್ರ ತೆಗೆದು, ತೂಗಿ ನೋಡಬೇಕು. ಮನೆಯಲ್ಲಿ ದೇಹತೂಕದ ಯಂತ್ರವಿದ್ದಲ್ಲಿ ಗುಂಡಿನೊಡನೆ ಒಮ್ಮೆ, ಗುಂಡಿಲ್ಲದೆ ಒಮ್ಮೆ ನಿಂತು ವ್ಯತ್ಯಾಸ ನೋಡಿದರೆ ಅಂದಾಜು ತೂಕ ತಿಳಿಯುತ್ತದೆ.

ಮನೆಯಲ್ಲಿ ಇರಿಸುವ ಬಗೆ

ಗುಂಡನ್ನು ಕಪಾಟಿನ ಮೇಲಿಡದೆ, ಮಕ್ಕಳು ಓಡಾಡದ ಮೂಲೆಯಲ್ಲಿ ನೆಲದ ಮೇಲೆಯೇ ಇರಿಸತಕ್ಕದ್ದು. ಟೈಲ್ಸ್ ನೆಲಕ್ಕೆ ರಬ್ಬರ್ ಹಾಸು ಬೇಕು. ಕರಾವಳಿಯ ತೇವದಲ್ಲಿ ಬೀಡು ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಬಳಕೆಯ ನಂತರ ಬೆವರನ್ನು ಒರೆಸಬೇಕು. ಎಣ್ಣೆ ಸವರುವುದಾದರೆ ಗುಂಡಿಗೆ ಮಾತ್ರ, ಹಿಡಿಗೆ ಬೇಡ.

ದೂರು ಸಲ್ಲಿಸುವ ವಿಧಾನ

ದೋಷಪೂರಿತ ವಸ್ತುವಿನ ಬಗ್ಗೆ ಮೊದಲು ಮಾರಾಟಗಾರರಿಗೆ ಲಿಖಿತವಾಗಿ ತಿಳಿಸಿ ಪ್ರತಿಯನ್ನು ಇರಿಸಿಕೊಳ್ಳಬೇಕು. ಅಂತರ್ಜಾಲ ಮಾರಾಟ ಸಂಸ್ಥೆಯ ಕುಂದುಕೊರತೆ ಅಧಿಕಾರಿಯು 2020ರ ನಿಯಮಗಳಂತೆ ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕಾಗುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ತೂಕ ಅಥವಾ ಮುದ್ರಿತ ಬೆಲೆಗೆ ಸಂಬಂಧಿಸಿದ ದೂರುಗಳನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯ ಸ್ಥಳೀಯ ನಿರೀಕ್ಷಕರಿಗೆ ಸಲ್ಲಿಸಬಹುದು. ಪರಿಹಾರ ದೊರೆಯದಿದ್ದಲ್ಲಿ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೇರೆಗೆ ವ್ಯಾಜ್ಯಕಾರಣ ಉಂಟಾದ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ನೀಡಬಹುದು. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ, ವಕೀಲರ ನೆರವಿಲ್ಲದೆಯೂ, ಇ-ಜಾಗೃತಿ ಜಾಲತಾಣದ ಮೂಲಕವೂ ದೂರು ದಾಖಲಿಸಲು ಅವಕಾಶವಿದೆ. ಪಾವತಿಸಿದ ಮೊತ್ತ 5 ಲಕ್ಷ ರೂ. ಮೀರದಿದ್ದಲ್ಲಿ ಶುಲ್ಕವಿಲ್ಲ. ದೂರಿನೊಂದಿಗೆ ರಸೀದಿ, ಪೊಟ್ಟಣದ ಮೇಲಿನ ವಿವರಗಳ ಛಾಯಾಚಿತ್ರ ಮತ್ತು ಮಾರಾಟಗಾರರಿಗೆ ಬರೆದ ಪತ್ರದ ಪ್ರತಿಯನ್ನು ಲಗತ್ತಿಸತಕ್ಕದ್ದು. ಮುರಿದ ಹಿಡಿಯನ್ನು ಹಳೆಯ ಕಬ್ಬಿಣಕ್ಕೆ ಹಾಕದೆ, ದೂರು ಇತ್ಯರ್ಥವಾಗುವವರೆಗೆ ಸಾಕ್ಷ್ಯವಾಗಿ ಕಾಯ್ದಿರಿಸಿಕೊಳ್ಳಬೇಕು.